ಹಿಂದಿನ ಕೆಂಪು ದೀಪ ಮೊದಲು

ಗಾಡಿ ಓಡಿಸುವವನಿಗೆ ತನ್ನ ಗಾಡಿಯ ಒಂದು ದೀಪ ಮಾತ್ರ ಎಂದೂ ಕಾಣುವುದಿಲ್ಲ. ಅದು ಹಿಂದಿನ ಕೆಂಪು ದೀಪ. ಉರಿಯುತ್ತಿದೆಯೋ ಆರಿದೆಯೋ ಹಿಂದೆ ಬರುವವನಿಗೇ ಗೊತ್ತು. ಈ ಸಣ್ಣ ಮಾತು ನನ್ನ ತಲೆಗೆ ಹೋಗಲು ನಮ್ಮ ಮನೆಯವಳ ಕಾಲು ಮುರಿಯಬೇಕಾಯಿತು.

2023ರ ಕಾರ್ತಿಕ ಮಾಸ. ರಾಗಿ ತೆನೆ ಬಲಿತು ಕೊಯ್ಲಿಗೆ ಬಂದಿತ್ತು. ಸಂಜೆ ಡೈರಿಗೆ ಹಾಲು ಹಾಕಿ ಇಬ್ಬರೂ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆವು. ಖಾಲಿ ಕ್ಯಾನು ಅವಳ ತೊಡೆ ಮೇಲೆ. ಕತ್ತಲಾಗಿತ್ತು. ಮುಂದೆ ನಾನೇ ಕಟ್ಟಿದ್ದ ಎರಡು ಎಲ್‌ಇಡಿ ದೀಪ, ಹಗಲಿನಂತೆ ಬೆಳಕು. ಊರಿನ ತಿರುವಿಗೆ ನಿಧಾನ ಮಾಡಿದೆ. ಹಿಂದಿನಿಂದ ಬಂದ ಗೂಡ್ಸ್ ಆಟೋ ತಗುಲಿತು. ನಾನು ಹೊಲದ ಬದಿಗೆ ಬಿದ್ದೆ, ಅವಳು ಟಾರಿನ ಮೇಲೆ. ಮಂಡಿ ಕೆಳಗೆ ಮೂಳೆ ಮುರಿದಿತ್ತು.

ಆಟೋದವನು ಓಡಿಹೋಗಲಿಲ್ಲ. ತನ್ನ ಗಾಡಿಯಲ್ಲೇ ಆಸ್ಪತ್ರೆಗೆ ತಂದ. ದಾರಿಯುದ್ದಕ್ಕೂ ಒಂದೇ ಮಾತು: "ಯಜಮಾನ್ರೇ, ದೇವರಾಣೆಗೂ ನಿಮ್ ಗಾಡಿ ಕಾಣ್ಲೇ ಇಲ್ಲ." ಅವನಿಗೆ ಬೈಯಲು ಬಾಯಿ ಬರಲಿಲ್ಲ. ಮಾರನೇ ದಿನ ಗಾಡಿ ನಿಲ್ಲಿಸಿ ಸ್ವಿಚ್ ಹಾಕಿ ಹಿಂದೆ ಹೋಗಿ ನೋಡಿದೆ. ಬಲ್ಬು ಒಡೆದಿರಲಿಲ್ಲ. ಆದರೆ ಉರಿಯುತ್ತಿರಲಿಲ್ಲ. ಎಷ್ಟು ದಿನದಿಂದ ಉರಿಯುತ್ತಿರಲಿಲ್ಲವೋ ನನಗೆ ತಿಳಿಯದು.

ಅವಳ ಕಾಲಿಗೆ ರಾಡು ಹಾಕಿದರು. ಮೂರು ತಿಂಗಳು ನೆಲಕ್ಕೆ ಕಾಲೂರಲಿಲ್ಲ. ರಾಗಿ ಕೊಯ್ಲಿಗೆ ಪೂರಾ ಕೂಲಿ ಆಳು. ಎರಡು ಹಸುವಿನಲ್ಲಿ ಒಂದನ್ನು ಮಾರಿದೆವು. ಇದೆಲ್ಲ ಒಂದು ಸಣ್ಣ ಬಲ್ಬಿನ, ಅಲ್ಲ, ಒಂದು ಸಣ್ಣ ವೈರಿನ ಗಂಟಿನ ಖರ್ಚು. ಆಮೇಲೆ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ನನಗೆ ಅರ್ಥವಾಗಿದೆ ಅಂದರೆ ಯಾರಿಗಾದರೂ ಆಗುತ್ತದೆ.

ಗಾಡಿ ಬಂದ ಕತೆ

ನಮ್ಮದು ದೊಡ್ಡಬಳ್ಳಾಪುರ ತಾಲೂಕು. ಮೂರು ಎಕರೆ ಖುಷ್ಕಿ. ರಾಗಿ, ಅದರೊಳಗೆ ಅವರೆ, ತೊಗರಿ ಸಾಲು. ಒಂದು ಬೋರಿನಲ್ಲಿ ಬರುವ ಸಣ್ಣ ನೀರಿಗೆ ಅರ್ಧ ಎಕರೆ ಹಿಪ್ಪುನೇರಳೆ, ಹಸುವಿಗೆ ಒಂದಿಷ್ಟು ಹುಲ್ಲು. ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಿದ್ದಾಗ ಹನ್ನೊಂದು ಗಂಟೆಗೋ ಎರಡು ಗಂಟೆಗೋ ತೋಟಕ್ಕೆ ಹೋಗಬೇಕು. ಊರಿಂದ ತೋಟ ಒಂದೂವರೆ ಕಿಲೋಮೀಟರು, ಬಂಡಿ ದಾರಿ, ನಡುವೆ ಒಂದು ಹಳ್ಳ. ದೀಪ ಇಲ್ಲದೆ ಆಗುವ ಮಾತಲ್ಲ.

ನಮ್ಮ ಅಕ್ಕನನ್ನು ಕೊಟ್ಟಿರುವುದು ಬೆಂಗಳೂರಿನ ಮತ್ತಿಕೆರೆಗೆ. ಹೆಸರಿನಲ್ಲಿ ಮತ್ತಿ ಮರವೂ ಇದೆ, ಕೆರೆಯೂ ಇದೆ. ಈಗ ಸುತ್ತ ಮನೆಯೋ ಮನೆ. ಅಕ್ಕನ ಮಗನಿಗೆ ಹುಡುಗಾಟದ ವಯಸ್ಸಿನಲ್ಲಿ ಡರ್ಟ್ ಬೈಕಿನ ಹುಚ್ಚು ಹಿಡಿಯಿತು. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ತಿ ಮಾಡಿದರು. ಅದನ್ನು ಮುಗಿಸಿದ ಮೊದಲ ಭಾರತೀಯ ಅವರು, ಬಂದದ್ದು 36ನೇ ಸ್ಥಾನ. ಆಮೇಲೆ ಎಷ್ಟೋ ಹುಡುಗರು ಹಳೇ ಗಾಡಿ ಕೊಂಡು ಮಣ್ಣಿನಲ್ಲಿ ಹಾರಿಸಲು ಹೊರಟರು. ನಮ್ಮ ಹುಡುಗನೂ ಒಂದು ನೂರು ಸಿಸಿಯ ನಾಲ್ಕು ಸ್ಟ್ರೋಕಿನ ಹಳೇ ಗಾಡಿ ತಂದ. ಭಾರ ಇಳಿಸಬೇಕು ಅಂತ ಹೆಡ್‌ಲೈಟು, ಇಂಡಿಕೇಟರು, ಹಾರ್ನು, ಬ್ಯಾಟರಿ ಎಲ್ಲ ಕಿತ್ತ. ಗುಂಡುಗುಂಡಾದ ಹಲ್ಲಿನ ಟೈರು ಹಾಕಿಸಿದ. ಮದುವೆಯಾಯಿತು, ಹುಚ್ಚು ಬಿಟ್ಟಿತು. "ಮಾವ, ಹೊಲಕ್ಕೆ ಇಟ್ಕೋ, ಎಂಥ ಕೆಸರಲ್ಲೂ ಹೋಗ್ತೈತೆ" ಅಂತ ನನಗೆ ಕೊಟ್ಟ. ಆರ್.ಸಿ. ಸರಿಯಾಗಿತ್ತು.

ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವ ಪಂದ್ಯದ ಗಾಡಿಗೆ ದೀಪ ಇರುವುದಿಲ್ಲ, ಅವು ಹಗಲಿನಲ್ಲಿ ಬೇಲಿಯೊಳಗೆ ಓಡುವವು. ಡಕಾರ್‌ನಂಥ ದೂರದ ರ್‍ಯಾಲಿ ಗಾಡಿಗಳಿಗೆ ಮುಂದೆ ಹಿಂದೆ ದೀಪ ಇದ್ದೇ ಇರುತ್ತದೆ. ಅವು ಬೆಳಗಾಗುವ ಮುಂಚೆಯೇ ಹೊರಟು ಎಲ್ಲರೂ ಓಡಾಡುವ ರಸ್ತೆಯಲ್ಲೂ ಹೋಗಬೇಕಲ್ಲ. ನನ್ನ ಗಾಡಿ ಬೇಲಿ ದಾಟಿ ರಸ್ತೆಗೆ ಬಂದಿತ್ತು. ನಾನು ಅದನ್ನು ಇನ್ನೂ ಬೇಲಿಯೊಳಗಿನ ಗಾಡಿ ಅಂತಲೇ ನೋಡುತ್ತಿದ್ದೆ.

ನಾನು ಮಾಡಿದ ವೈರಿಂಗು ಹೀಗಿತ್ತು. ಅಂಗಡಿಯಿಂದ 18 ವ್ಯಾಟಿನ ಎರಡು ಎಲ್‌ಇಡಿ ದೀಪ ತಂದು ಹ್ಯಾಂಡಲ್ಲಿಗೆ ಕಟ್ಟಿದೆ. ಸೀಟಿನ ಕೆಳಗೆ 12 ವೋಲ್ಟ್, 2.5 ಎಎಚ್‌ನ ಬ್ಯಾಟರಿ ಇಟ್ಟೆ. ಮನೆ ಕಟ್ಟಿದಾಗ ಉಳಿದಿದ್ದ ವೈರನ್ನೇ ಎಳೆದೆ. ಹಿಂದಿನ ಬಲ್ಬಿಗೆ ಅದೇ ವೈರಿನಿಂದ ಒಂದು ಕವಲು ತೆಗೆದು, ತಿರುಚಿ, ಟೇಪು ಸುತ್ತಿದೆ. ಎರಡು ದಿನಕ್ಕೊಮ್ಮೆ ಬ್ಯಾಟರಿ ಬಿಚ್ಚಿ ಮನೆಯಲ್ಲಿ ಚಾರ್ಜರಿಗೆ ಹಾಕುತ್ತಿದ್ದೆ. ಬೆಳಕು ಬಂತು, ಕೆಲಸ ಮುಗಿಯಿತು ಅಂದುಕೊಂಡೆ.

ಮತ್ತಿಕೆರೆಯಲ್ಲಿ ಬಿಚ್ಚಿ ನೋಡಿದಾಗ

ಮನೆಯವಳು ಚೇತರಿಸಿಕೊಂಡ ಮೇಲೆ ಗಾಡಿಯನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ರಾಜಾನುಕುಂಟೆ, ಯಲಹಂಕ ದಾಟಿ ಮತ್ತಿಕೆರೆಗೆ ಹೋದೆ. ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಬರೀ ಗಾಡಿ ವೈರಿಂಗ್ ಮಾಡುವ ಒಬ್ಬರು ಮೇಸ್ತ್ರಿ ಇದ್ದಾರೆ. ಅರವತ್ತರ ಹತ್ತಿರದ ವಯಸ್ಸು. ಹತ್ತಡಿ ಅಂಗಡಿ. ಗೋಡೆ ತುಂಬಾ ಬಣ್ಣಬಣ್ಣದ ವೈರಿನ ಸುರುಳಿ.

ಸೀಟು ಎತ್ತಿ ಟೇಪು ಬಿಚ್ಚಿದರು. ತಿರುಚಿದ್ದ ತಾಮ್ರ ಹಸಿರಾಗಿ ಪುಡಿಯಾಗಿತ್ತು. ಬೆರಳಲ್ಲಿ ಮುಟ್ಟಿದರೆ ಉದುರಿತು. "ಯಜಮಾನ್ರೇ, ಗೋಡೆ ಅಲ್ಲಾಡಲ್ಲ, ಗಾಡಿ ಅಲ್ಲಾಡ್ತದೆ. ಗೋಡೆ ವೈರು ಗಾಡಿಗೆ ಹಾಕಿದ್ದೀರಾ" ಅಂದರು. ಮನೆಯ ಕೆಲವು ವೈರಿನಲ್ಲಿ ಒಂದೇ ದಪ್ಪ ಎಳೆ ಇರುತ್ತದೆ. ಹಳ್ಳಕೊಳ್ಳಕ್ಕೆ ಕುಲುಕಿ ಕುಲುಕಿ ಅದು ಒಳಗೇ ಮುರಿಯುತ್ತದೆ, ಮೇಲಿನ ಪ್ಲಾಸ್ಟಿಕ್ಕು ಚೆನ್ನಾಗಿಯೇ ಕಾಣುತ್ತದೆ. ಗಾಡಿ ವೈರಿನಲ್ಲಿ ಕೂದಲಿನಂಥ ಹತ್ತಾರು ಎಳೆ. ಅದು ಬಾಗುತ್ತದೆ, ಮುರಿಯದು.

ಆಮೇಲೆ ಫ್ಯೂಸು ಎಲ್ಲಿ ಅಂತ ಕೇಳಿದರು. ಇರಲಿಲ್ಲ. ಬ್ಯಾಟರಿಯ ಪ್ಲಸ್ ವೈರು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ಹೋಗಿತ್ತು. ಒಂದು ಕಡೆ ಚೌಕಟ್ಟಿಗೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ಕು ಅರ್ಧ ಸವೆದಿತ್ತು. ಇನ್ನು ಸ್ವಲ್ಪ ಸವೆದಿದ್ದರೆ ತಾಮ್ರ ಕಬ್ಬಿಣಕ್ಕೆ ತಾಗಿ, ತಡೆಯಲು ಫ್ಯೂಸು ಇಲ್ಲದೆ, ವೈರೇ ಕೆಂಡವಾಗುತ್ತಿತ್ತು. ಮೇಲೆ ಪೆಟ್ರೋಲು. ನಾನು ಸುಮ್ಮನೆ ನಿಂತೆ.

ಕೊನೆಗೆ ಇಂಜಿನ್ ಪಕ್ಕ ಮುದುರಿ ಟೇಪು ಸುತ್ತಿದ್ದ ಎರಡು ವೈರು ತೋರಿಸಿದರು. ಅವು ಮ್ಯಾಗ್ನೆಟ್ ಕಾಯಿಲಿನಿಂದ ಬರುವ ವೈರು. ಇಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಅಲ್ಲಿ ಕರೆಂಟು ಹುಟ್ಟುತ್ತಿತ್ತು. ನಾನು ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಓಡಾಡುತ್ತಿದ್ದೆ. ಬೋರಿನಲ್ಲಿ ನೀರಿದ್ದೂ ಟ್ಯಾಂಕರ್ ನೀರು ತರಿಸಿದ ಹಾಗಾಯಿತು.

ಕಾಯಿಲು ನಮ್ಮ ಬೋರು, ಬ್ಯಾಟರಿ ನಮ್ಮ ತೊಟ್ಟಿ

ನೀರಿನ ಲೆಕ್ಕ ಗೊತ್ತಿರುವ ಖುಷ್ಕಿ ರೈತನಿಗೆ ಗಾಡಿ ಕರೆಂಟು ಕಷ್ಟವಲ್ಲ.

ಇಂಜಿನ್ ಪಕ್ಕದ ಮುಚ್ಚಳದೊಳಗೆ ಅಯಸ್ಕಾಂತದ ಚಕ್ರ ತಿರುಗುತ್ತದೆ. ಅದರ ನಡುವೆ ತಾಮ್ರ ಸುತ್ತಿದ ಕಾಯಿಲು. ಚಕ್ರ ತಿರುಗಿದರೆ ಕಾಯಿಲಿನಲ್ಲಿ ಕರೆಂಟು ಹುಟ್ಟುತ್ತದೆ. ಇದು ಬೋರಿದ್ದ ಹಾಗೆ, ಇಷ್ಟೇ ಇಂಚು ನೀರು ಅಂತ ಮಿತಿ. ಹಳೇ ಸಣ್ಣ ಗಾಡಿಗಳ ಕಾಯಿಲು ಎಲ್ಲ ಸೇರಿ ಹೆಚ್ಚುಕಡಿಮೆ 50ರಿಂದ 100 ವ್ಯಾಟಿನೊಳಗೆ ಕೊಡುತ್ತದೆ, ಅದೂ ಇಂಜಿನ್ ಚೆನ್ನಾಗಿ ಓಡುವಾಗ. ನಿಂತಲ್ಲಿ ಪುಟುಪುಟು ಅನ್ನುವಾಗ ಅರ್ಧವೂ ಬಾರದು. ಹಳೇ ನೂರು ಸಿಸಿ ಗಾಡಿಗಳಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹೆಡ್‌ಲೈಟು ಮಂಕಾಗುವುದು ಇದಕ್ಕೇ. ಅದು ಬ್ಯಾಟರಿ ದಾಟದೆ ನೇರ ಕಾಯಿಲಿನಿಂದ ಉರಿಯುವ ದೀಪ.

ಬ್ಯಾಟರಿ ತೊಟ್ಟಿ. ಬೋರು ತುಂಬಿಸುತ್ತಿದ್ದರೆ ತೊಟ್ಟಿಯಿಂದ ಎತ್ತಬಹುದು. ಬೋರಿಗಿಂತ ಹೆಚ್ಚು ಎತ್ತಿದರೆ ತೊಟ್ಟಿ ಬರಿದು.

ರೆಗ್ಯುಲೇಟರು ಗೇಟ್ ವಾಲ್ವು ಇದ್ದ ಹಾಗೆ. ಇಂಜಿನ್ ಜೋರಾದಂತೆ ವೋಲ್ಟೇಜು ಏರುತ್ತಲೇ ಹೋಗುತ್ತದೆ. ಅದನ್ನು 14ರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುವುದು ಇದು. ರೆಗ್ಯುಲೇಟರ್ ಇಲ್ಲದ ಹಳೇ ಮೊಪೆಡ್ಡುಗಳಲ್ಲಿ ಒಂದು ಬಲ್ಬು ಹೋದರೆ ಹಿಂದೆಯೇ ಇನ್ನೊಂದು ಹೋಗುತ್ತಿತ್ತು, ನೆನಪಿದೆಯೇ? ಎರಡು ಬಲ್ಬಿಗೆ ಹಂಚಬೇಕಾದ ಕರೆಂಟು ಒಂದರ ಮೇಲೇ ನುಗ್ಗುತ್ತಿತ್ತು. ಅಲ್ಲಿ ಕಂಪನಿ ಹೇಳಿದ ವ್ಯಾಟಿನ ಬಲ್ಬನ್ನೇ ಹಾಕಬೇಕು. ಕಡಿಮೆ ಹಾಕಿದರೆ ಸುಡುತ್ತದೆ, ಹೆಚ್ಚು ಹಾಕಿದರೆ ಎರಡೂ ಮಂಕು.

ಇನ್ನೊಂದು ವಿಷಯ. ಕಾಯಿಲಿನಲ್ಲಿ ಹುಟ್ಟುವ ಕರೆಂಟು ಹಿಂದು ಮುಂದು ಹರಿಯುವಂಥದ್ದು, ಎ.ಸಿ. ಬ್ಯಾಟರಿಗೆ ಬೇಕಾದ್ದು ಒಂದೇ ಕಡೆ ಹರಿಯುವ ಡಿ.ಸಿ. ಅದನ್ನು ಬದಲಿಸುವುದು ರೆಕ್ಟಿಫೈಯರು. ಅದೂ ರೆಗ್ಯುಲೇಟರೂ ಒಂದೇ ಡಬ್ಬಿಯಲ್ಲಿ ಬರುತ್ತವೆ, ಅಂಗಡಿಯಲ್ಲಿ ಆರ್.ಆರ್. ಯೂನಿಟ್ ಅಂತಾರೆ. ಹಳೇ ಗಾಡಿಗಳಲ್ಲಿ ಕಾಯಿಲಿನ ಒಂದು ತುದಿಯನ್ನು ಇಂಜಿನ್ ಬಾಡಿಗೇ ಬೆಸೆದಿರುತ್ತಾರೆ. ಆಗ ಮುಂದೆ ಹರಿದ ಕರೆಂಟು ಮಾತ್ರ ಬ್ಯಾಟರಿಗೆ ಸಿಗುತ್ತದೆ, ಹಿಂದೆ ಹರಿದದ್ದು ಸಿಗದು. ನಮ್ಮ ಅಪ್ಪ ಕಪಿಲೆ ಹೊಡೆಯುತ್ತಿದ್ದರು. ಎತ್ತು ಇಳಿಜಾರಿಗೆ ಹೋದಾಗ ನೀರು ಬರುತ್ತದೆ, ಹಿಂದೆ ಬರುವಾಗ ಖಾಲಿ. ಜೋಡಿ ಕಪಿಲೆ ಕಟ್ಟಿದರೆ ಒಂದು ಇಳಿಯುವಾಗ ಇನ್ನೊಂದು ನೀರು ಸುರಿಯುತ್ತದೆ.

ಮೇಸ್ತ್ರಿ ಮಾಡಿದ್ದು ಇದನ್ನೇ. ಮ್ಯಾಗ್ನೆಟ್ ಮುಚ್ಚಳ ತೆಗೆದು, ಬಾಡಿಗೆ ಬೆಸೆದಿದ್ದ ಕಾಯಿಲಿನ ತುದಿಯನ್ನು ಬಿಡಿಸಿ, ಅದಕ್ಕೊಂದು ಹೊಸ ವೈರು ಬೆಸೆದು ಹೊರಗೆ ತಂದರು. ಎರಡು ತುದಿಯೂ ಬಾಡಿಗೆ ತಾಗದಂತೆ ಆರ್.ಆರ್. ಯೂನಿಟ್ಟಿಗೆ ಹೋದವು. ಯೂನಿಟ್ಟೂ ಅದಕ್ಕೆ ಹೊಂದುವ ಫುಲ್ ವೇವ್ ಜಾತಿಯದೇ ಬೇಕು. ಸ್ಪಾರ್ಕಿಗೆ ಕರೆಂಟು ಕೊಡುವ ಕಾಯಿಲು ನನ್ನ ಗಾಡಿಯಲ್ಲಿ ಬೇರೆಯೇ ಇತ್ತು. ಅದನ್ನು ಮುಟ್ಟಲಿಲ್ಲ, ಮುಟ್ಟಿದರೆ ಇಂಜಿನ್ನೇ ಸ್ಟಾರ್ಟ್ ಆಗದು. ಈ ಒಂದು ಕೆಲಸ ಮಾತ್ರ ತಿಳಿದವರ ಕೈಯಲ್ಲೇ ಆಗಬೇಕು. ಉಳಿದದ್ದನ್ನು ನಾವೇ ಮಾಡಬಹುದು.

ಎಷ್ಟು ದೀಪಕ್ಕೆ ಎಷ್ಟು ಕರೆಂಟು

ಒಂದೇ ಲೆಕ್ಕ ನೆನಪಿಟ್ಟರೆ ಸಾಕು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರು.

ನನ್ನ ಹಳೇ ಎರಡು ದೀಪ ಸೇರಿ 36 ವ್ಯಾಟು, ಅಂದರೆ 3 ಆಂಪಿಯರು. ಬ್ಯಾಟರಿ 2.5 ಎಎಚ್. ಕಾಗದದ ಮೇಲೆ ಐವತ್ತು ನಿಮಿಷಕ್ಕೆ ತೊಟ್ಟಿ ಖಾಲಿ. ಅನುಭವದಲ್ಲಿ ಅಷ್ಟೂ ಬರುತ್ತಿರಲಿಲ್ಲ. ನಾನು ಬ್ಯಾಟರಿ ಅಂಗಡಿಯವನಿಗೆ ಬೈಯುತ್ತಿದ್ದೆ.

ಈಗಿನ ಲೆಕ್ಕ: ಮುಂದಿನ ಎಲ್‌ಇಡಿ ದೀಪ 12 ವ್ಯಾಟು. ಹಿಂದಿನ ಕೆಂಪು ಎಲ್‌ಇಡಿ 1 ವ್ಯಾಟು. ಮೊಬೈಲ್ ಚಾರ್ಜರ್ 10 ವ್ಯಾಟು. ಇವು ಸದಾ ಓಡುವಂಥವು, ಒಟ್ಟು 23, ಅಂದರೆ 2 ಆಂಪಿಯರಿನೊಳಗೆ. ಆಗೊಮ್ಮೆ ಈಗೊಮ್ಮೆ ಬರುವವು: ಬ್ರೇಕ್ ದೀಪ 3, ಇಂಡಿಕೇಟರ್ ಒಂದು ಬದಿಗೆ ಎರಡು ಸೇರಿ 4, ಹಾರ್ನು ಸುಮಾರು 30. ಎಲ್ಲವೂ ಒಟ್ಟಿಗೆ ಬಂದರೂ 60, ಅಂದರೆ 5 ಆಂಪಿಯರು. ಹಳೇ ಮಾದರಿ ತಂತಿ ಬಲ್ಬೇ ಹಾಕಿದ್ದರೆ ಹೆಡ್‌ಲೈಟಿಗೇ 35 ವ್ಯಾಟು ಬೇಕಿತ್ತು.

ನಾವು ಸಣ್ಣವರಿದ್ದಾಗ ಶಾಲೆ ಮೇಷ್ಟ್ರ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ, ಆ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆ ಕಾಲದ ಗಾಡಿಗಳಲ್ಲಿ 6 ವೋಲ್ಟೇ ಜಾಸ್ತಿ. ಬೆಳಕು ಕಂದೀಲಿನಷ್ಟು. ಅಷ್ಟೇ ವ್ಯಾಟಿಗೆ 6 ವೋಲ್ಟಿನಲ್ಲಿ ಎರಡು ಪಟ್ಟು ಆಂಪಿಯರು ಹರಿಯಬೇಕು. ವೈರು ತೆಳುವಾದರೆ, ಗಂಟು ತುಕ್ಕು ಹಿಡಿದರೆ, ದಾರಿಯಲ್ಲೇ ಸೋರಿಹೋಗುತ್ತದೆ. ಅಂಥ ಗಾಡಿ ಇನ್ನೂ ಇಟ್ಟಿರುವವರು ಬಲ್ಬು ಕೊಳ್ಳುವಾಗ ವೋಲ್ಟು ನೋಡಿ ಕೊಳ್ಳಿ. 6ರ ಬಲ್ಬು 12ಕ್ಕೆ ಹಾಕಿದರೆ ಕ್ಷಣದಲ್ಲಿ ಹೋಗುತ್ತದೆ.

ವೈರು ಎಳೆದ ಕ್ರಮ

ಮೇಸ್ತ್ರಿ ಮೊದಲು ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ನಕ್ಷೆ ಬರೆಸಿದರು, ನನ್ನ ಕೈಯಲ್ಲೇ. ಅದು ಈಗಲೂ ನಮ್ಮ ಮನೆಯ ಬಾಗಿಲ ಹಿಂದೆ ಇದೆ. ಕ್ರಮ ಹೀಗೆ:

1. ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಬೇಕು. ಮುಗಿದ ಮೇಲೆ ಮೈನಸ್ಸನ್ನೇ ಕೊನೆಗೆ ಹಾಕಬೇಕು.

2. ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಮೈನ್ ಫ್ಯೂಸು, 10 ಆಂಪಿಯರು. ಅಲ್ಲಿಂದ ಕೀ ಸ್ವಿಚ್ಚು. ಕೀ ದಾಟಿದ ಮೇಲೆ ಕವಲು. ಫ್ಯೂಸು ವೈರಿನ ಕಾವಲಿಗೆ ಇರುವುದು. ಸುಟ್ಟರೆ ಕಾರಣ ಹುಡುಕಬೇಕು, ಬೀಡಿ ಪ್ಯಾಕಿನ ಬೇಗಡೆ ಸುತ್ತಿ ಹಾಕಬಾರದು.

3. ಮೊದಲ ಕವಲು ಹಿಂದಿನ ಕೆಂಪು ದೀಪಕ್ಕೆ. ಅದಕ್ಕೆ ಬೇರೆಯದೇ 3 ಆಂಪಿಯರಿನ ಫ್ಯೂಸು. ಮುಂದಿನ ದೀಪದಲ್ಲೋ ಹಾರ್ನಿನಲ್ಲೋ ತೊಂದರೆಯಾಗಿ ಅವುಗಳ ಫ್ಯೂಸು ಹೋದರೂ ಹಿಂದಿನದು ಉರಿಯುತ್ತಿರುತ್ತದೆ. ಮೇಸ್ತ್ರಿ ಹೇಳಿದ್ದು: "ಮುಂದಿನ ಲೈಟ್ ಹೋದ್ರೆ ನಿಮಗೆ ಗೊತ್ತಾಗ್ತದೆ, ನಿಲ್ಲಿಸ್ತೀರ. ಹಿಂದಿಂದು ಹೋದ್ರೆ ಯಾರು ಹೇಳ್ತಾರೆ?"

4. ಆಮೇಲೆ ಮುಂದಿನ ದೀಪ, ಬ್ರೇಕ್ ದೀಪ, ಇಂಡಿಕೇಟರು, ಹಾರ್ನು, ಕೊನೆಗೆ ಮೊಬೈಲ್ ಚಾರ್ಜರು. ಇವಕ್ಕೆ ಒಟ್ಟಾಗಿ 7.5ರ ಇನ್ನೊಂದು ಫ್ಯೂಸು. ಬ್ರೇಕ್ ದೀಪದ ಸ್ವಿಚ್ಚು ಕೈ ಬ್ರೇಕಿಗೂ ಕಾಲು ಬ್ರೇಕಿಗೂ ಎರಡಕ್ಕೂ ಇರಲಿ.

5. ವೈರಿನ ದಪ್ಪ: ಬ್ಯಾಟರಿಯಿಂದ ಕೀವರೆಗೆ 1.5 ಚದರ ಮಿಲಿಮೀಟರು, ಮುಂದಿನ ದೀಪ, ಹಾರ್ನಿಗೆ 1, ಹಿಂದಿನ ದೀಪ, ಇಂಡಿಕೇಟರಿಗೆ 0.5. ಪ್ರತಿ ಕೆಲಸಕ್ಕೂ ಬೇರೆ ಬಣ್ಣ. ನಾಳೆ ಹುಡುಕುವವರು ನಾವೇ.

6. ಗಂಟು ಆದಷ್ಟು ಕಡಿಮೆ. ಇರುವ ಕಡೆ ಟರ್ಮಿನಲ್ ಒತ್ತಿ, ಅಥವಾ ಸಾಲ್ಡರ್ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವು ಹಾಕಬೇಕು. ಬರೀ ತಿರುಚಿ ಟೇಪು ಸುತ್ತುವುದು ನಮ್ಮ ಹೊಲದ ದೂಳು, ಮಳೆಗೆ ಒಂದು ವರ್ಷವೂ ಬಾಳದು.

7. ಎಲ್ಲ ವೈರೂ ಕೊಳವೆ ಸ್ಲೀವಿನೊಳಗೆ. ತಗಡಿನ ತೂತಿನಲ್ಲಿ ಹೋಗುವ ಕಡೆ ರಬ್ಬರ್ ಬಳೆ. ಸೈಲೆನ್ಸರಿನಿಂದ ದೂರ. ಹ್ಯಾಂಡಲ್ ಕತ್ತಿನ ಹತ್ತಿರ ಸ್ವಲ್ಪ ಸಡಿಲ ಬಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರಾ ತಿರುಗಿಸಿ, ಎಲ್ಲೂ ಬಿಗಿಯಾಗದಂತೆ ನೋಡಬೇಕು. ಹಿಂದಿನ ಚಕ್ರ ಹಳ್ಳಕ್ಕೆ ಬಿದ್ದಾಗ ಮಡ್‌ಗಾರ್ಡಿನ ಕಡೆ ಏಳುತ್ತದೆ, ಅಲ್ಲಿ ವೈರು ಜೋತುಬಿದ್ದಿರಬಾರದು.

ಅರ್ತು ಮರೆತರೆ ಎಲ್ಲ ಮರೆತಂತೆ

ಕರೆಂಟು ಹೋದರೆ ಸಾಲದು, ವಾಪಸ್ ಬ್ಯಾಟರಿಯ ಮೈನಸ್ಸಿಗೆ ಬರಬೇಕು. ಗಾಡಿಗಳಲ್ಲಿ ಕಬ್ಬಿಣದ ಚೌಕಟ್ಟೇ ವಾಪಸ್ ದಾರಿ. ಬಣ್ಣ, ತುಕ್ಕು, ಒಣಗಿದ ಕೆಸರು ಆ ದಾರಿಗೆ ಅಡ್ಡ. ಒಂದು ಇಂಡಿಕೇಟರ್ ಹಾಕಿದರೆ ಎಲ್ಲ ದೀಪವೂ ಮಿಣುಕುವುದು, ಬ್ರೇಕ್ ಹಿಡಿದರೆ ಹಿಂದಿನ ದೀಪ ಆರುವುದು, ಇವೆಲ್ಲ ಹೆಚ್ಚಿನಂಶ ಅರ್ತಿನ ಕಾಯಿಲೆ. ಜನ ಬಲ್ಬು ಬದಲಾಯಿಸುತ್ತಾ ಕೂರುತ್ತಾರೆ.

ನನ್ನ ಗಾಡಿಗೆ ಪ್ರತಿ ದೀಪದಿಂದ ಒಂದು ಕಪ್ಪು ವೈರು ಬ್ಯಾಟರಿ ಮೈನಸ್ಸಿಗೇ ತಂದರು. ಮೈನಸ್ಸಿನಿಂದ ಇನ್ನೊಂದು ದಪ್ಪ ವೈರು ಚೌಕಟ್ಟಿನ ಬೋಲ್ಟಿಗೆ. ಬೋಲ್ಟಿನ ಕೆಳಗೆ ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಮಾಡಿ, ಬಿಗಿದು, ಮೇಲೆ ಗ್ರೀಸು.

ಎಲ್‌ಇಡಿ ಹಾಕುವವರಿಗೆ ಮೂರು ಮಾತು

ಎಲ್‌ಇಡಿಗೆ ಪ್ಲಸ್ ಮೈನಸ್ ಉಂಟು. ಎ.ಸಿ. ವೈರಿಗೆ ನೇರ ಕೊಟ್ಟರೆ ಪಟಪಟ ಮಿನುಗುತ್ತದೆ, ಬಾಳಿಕೆಯೂ ಬಾರದು. ಹಳೇ ಗಾಡಿಯ ಹೆಡ್‌ಲೈಟಿಗೆ ಸುಮ್ಮನೆ ಎಲ್‌ಇಡಿ ಬಲ್ಬು ಸಿಕ್ಕಿಸಿ "ಹೋಯ್ತು" ಅನ್ನುವವರು ಇದನ್ನು ಗಮನಿಸಿ.

ಇಂಡಿಕೇಟರಿಗೆ ಎಲ್‌ಇಡಿ ಹಾಕಿದರೆ ಹಳೇ ಫ್ಲಾಶರು ಕೆಲಸ ಮಾಡದು, ಇಲ್ಲವೇ ಹುಚ್ಚು ಹಿಡಿದಂತೆ ಹೊಡೆದುಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಫ್ಲಾಶರು ಬೇರೆ ಕೊಳ್ಳಬೇಕು.

ಬ್ಯಾಟರಿ ಬಿಚ್ಚಿಟ್ಟು ಗಾಡಿ ಓಡಿಸಬಾರದು. ತೊಟ್ಟಿ ಇಲ್ಲದೆ ಬೋರಿನ ನೀರು ನೇರ ಪೈಪಿಗೆ ನುಗ್ಗಿದಂತೆ ವೋಲ್ಟೇಜು ಏರಿಳಿದು ಎಲ್‌ಇಡಿ ಸುಡುತ್ತದೆ.

ಎಲ್ಲ ಮುಗಿದ ಮೇಲೆ ಮೀಟರ್ ಹಿಡಿದು ನೋಡಿದೆವು. ಇಂಜಿನ್ ನಿಲ್ಲಿಸಿದಾಗ ಬ್ಯಾಟರಿ 12.6. ಎಲ್ಲ ದೀಪ ಹಾಕಿ ನಡು ವೇಗಕ್ಕೆ ತಂದಾಗ 13.9. ಈ ಸಂಖ್ಯೆ ಹದಿಮೂರೂವರೆಯಿಂದ ಹದಿನಾಲ್ಕೂವರೆಯೊಳಗೆ ಇರಬೇಕು. ಹದಿಮೂರಕ್ಕಿಂತ ಕಡಿಮೆಯಾದರೆ ದೀಪ ಜಾಸ್ತಿಯಾಗಿದೆ, ಹದಿನೈದು ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಮೀಟರ್ ಇಲ್ಲದವರು 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವೈರು ಬೆಸೆದು ಇಟ್ಟುಕೊಳ್ಳಿ. ಒಂದನ್ನು ಚೌಕಟ್ಟಿಗೆ ಹಿಡಿದು ಇನ್ನೊಂದರಲ್ಲಿ ತಡಕುತ್ತಾ ಹೋದರೆ ಕರೆಂಟು ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ ತಿಳಿಯುತ್ತದೆ.

ಎದುರಿನವನ ಕಣ್ಣು, ಕಾನೂನು

ನನ್ನ ಹಳೇ ಎರಡು ದೀಪ ಎದುರು ಬರುವವರ ಕಣ್ಣಿಗೆ ಹೊಡೆಯುತ್ತಿತ್ತು. ಬೈದವರೂ ಉಂಟು. ಈಗ ಅವನ್ನು ಬಿಚ್ಚಿ ಪಂಪ್ ಹೌಸಿಗೆ ಹಾಕಿದ್ದೇನೆ. ಗಾಡಿಗೆ ಒಂದೇ ದೀಪ, ಡಿಮ್ ಡಿಪ್ ಇರುವಂಥದ್ದು. ಅದನ್ನು ಕೂರಿಸುವ ವಿಧಾನ: ಸಮತಟ್ಟು ನೆಲದಲ್ಲಿ ಗೋಡೆಯಿಂದ 25 ಅಡಿ ದೂರಕ್ಕೆ ಗಾಡಿ ನಿಲ್ಲಿಸಿ, ಮೇಲೆ ಒಬ್ಬರು ಕೂರಬೇಕು. ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತು ಹಾಕಿ. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ ಎರಡು ಇಂಚು ಕೆಳಗೆ ಬೀಳಬೇಕು.

ಕಾನೂನಿನ ಮಾತೂ ಗೊತ್ತಿರಲಿ. ಗಾಡಿಯ ಹಿಂದಿನ ಕೆಂಪು ದೀಪ 155 ಮೀಟರು ದೂರಕ್ಕೆ ಕಾಣಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದೆ. 2017ರ ಏಪ್ರಿಲ್ 1ರಿಂದ ಬರುವ ಹೊಸ ದ್ವಿಚಕ್ರ ಗಾಡಿಗಳಲ್ಲಿ ಹಗಲಲ್ಲೂ ಹೆಡ್‌ಲೈಟು ತಾನಾಗಿ ಉರಿಯುವುದೂ ಕಾನೂನಿಂದಲೇ, ಬೇರೆಯವರಿಗೆ ನಾವು ಕಾಣಲಿ ಅಂತ. ಕಂಪನಿ ಕೊಟ್ಟದ್ದನ್ನು ಮನಸ್ಸಿಗೆ ಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ನಾನು ಮಾಡಿಸಿದ್ದು ಕಿತ್ತುಹಾಕಿದ್ದ ದೀಪಗಳನ್ನು ಅವುಗಳ ಜಾಗಕ್ಕೆ ವಾಪಸ್ ತರುವ ಕೆಲಸ. ಹದಿನೈದು ವರ್ಷ ದಾಟಿದ ಗಾಡಿಯ ಆರ್.ಸಿ. ನವೀಕರಿಸುವಾಗ ದೀಪ, ಹಾರ್ನು ಎಲ್ಲ ನೋಡುತ್ತಾರೆ. ಇನ್ನು ಪಂದ್ಯಕ್ಕೆಂದೇ ಮಾಡಿದ, ನೋಂದಣಿ ಇಲ್ಲದ ಡರ್ಟ್ ಬೈಕಿಗೆ ಎಷ್ಟು ದೀಪ ಕಟ್ಟಿದರೂ ಅದು ರಸ್ತೆಗೆ ಬರುವಂತಿಲ್ಲ.

ಖರ್ಚು

5 ಎಎಚ್‌ನ ಹೊಸ ಬ್ಯಾಟರಿ, ಆರ್.ಆರ್. ಯೂನಿಟ್ಟು, ದೀಪಗಳು, ಫ್ಲಾಶರು, ಹಾರ್ನು, ವೈರು, ಫ್ಯೂಸು, ಮೇಸ್ತ್ರಿಯ ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಆಯಿತು. ಸಾಮಾನು ಬಹುಪಾಲು ಜೆ.ಸಿ. ರಸ್ತೆಯಿಂದ ಅಕ್ಕನ ಮಗನೇ ತಂದ. ಎರಡು ದಿನದ ಕೆಲಸ. ಮೂರು ಫ್ಯೂಸು, ಒಂದು ತುಂಡು ವೈರು, ಆ ಟೆಸ್ಟ್ ಬಲ್ಬು ಸೀಟಿನ ಕೆಳಗೆ ಸದಾ ಇರುತ್ತವೆ. ಮಾರಿದ ಹಸುವಿನ ಬೆಲೆ, ಆಸ್ಪತ್ರೆ ಬಿಲ್ಲು ಇಲ್ಲಿ ಬರೆಯುವುದಿಲ್ಲ.

ಕಾಸಿಲ್ಲದೆ ಆಗುವ ಕೆಲಸವೂ ಒಂದುಂಟು. ಗಾಡಿಯ ಹಿಂದೆ ಕೆಂಪು ರಿಫ್ಲೆಕ್ಟರು ಇದ್ದರೆ ಅದರ ಕೆಸರು ಒರೆಸಿ. ಅದಕ್ಕೆ ಬ್ಯಾಟರಿ ಬೇಡ, ವೈರು ಬೇಡ, ಹಿಂದಿನವನ ಬೆಳಕಿನಲ್ಲೇ ಹೊಳೆಯುತ್ತದೆ. ಎತ್ತಿನ ಬಂಡಿಗೆ, ಟ್ರ್ಯಾಕ್ಟರ್ ಟ್ರೈಲರಿಗೆ ಹೊಳೆಯುವ ಟೇಪು ಅಂಟಿಸಿ. ಸುಗ್ಗಿಯಲ್ಲಿ ರಾಗಿ ಹುಲ್ಲು ಹೇರಿದ ಬಂಡಿ ಕತ್ತಲಲ್ಲಿ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಹುಲ್ಲು ಹಿಂದೆ ಇಳಿಬಿದ್ದು ಟೇಪು ಮುಚ್ಚುತ್ತದೆ, ಮುಚ್ಚದ ಜಾಗ ನೋಡಿ ಅಂಟಿಸಬೇಕು.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಆಗಿದೆ. ಸಂಜೆ ಹಾಲಿನ ಕ್ಯಾನು ಇಟ್ಟುಕೊಂಡು ಹೊರಡುವ ಮುಂಚೆ ನಾನು ಸ್ವಿಚ್ ಹಾಕುತ್ತೇನೆ. ನಮ್ಮ ಮನೆಯವಳು ಗಾಡಿಯ ಹಿಂದೆ ಹೋಗಿ ನಿಲ್ಲುತ್ತಾಳೆ, ಸ್ವಲ್ಪ ಕುಂಟುತ್ತಾಳೆ ಈಗಲೂ. ಬ್ರೇಕ್ ಹಿಡಿ ಅನ್ನುತ್ತಾಳೆ, ಹಿಡಿಯುತ್ತೇನೆ. "ಕೆಂಪು ಐತೆ" ಅಂದ ಮೇಲೇ ಹತ್ತಿ ಕೂರುತ್ತಾಳೆ.